ಮರ ಕಡಿದ ಮೇಲೆ ಉಳಿಯುವ ಹರೆ, ತುದಿ, ಜಿಗ್ಗು: ಪದೇ ಪದೇ ಕೇಳುವ ಪ್ರಶ್ನೆಗಳು

ಲಾರಿ ಹೋಗಿದೆ. ದಿಮ್ಮಿಯೂ ಹೋಗಿದೆ. ದುಡ್ಡು ಕೈಗೆ ಬಂದಿದೆ ಅಂತಲೇ ಇಟ್ಟುಕೊಳ್ಳೋಣ. ಮಾರನೇ ದಿನ ಬೆಳಿಗ್ಗೆ ಹಕ್ಕಲಿಗೆ, ಅಂದರೆ ಮರ ಬೆಳೆಸಿದ ಒಣ ಜಾಗಕ್ಕೆ, ಹೋಗಿ ನೋಡಿದರೆ ಕಾಲಿಡಲು ಜಾಗವಿಲ್ಲ. ಸೊಂಟದೆತ್ತರಕ್ಕೆ ಹರೆ (ಕೊಂಬೆ), ಮರದ ತುದಿ, ಜಿಗ್ಗು (ಸಣ್ಣ ಕಡ್ಡಿ), ಸೊಪ್ಪು, ಅಡಿಗೆ ಸಿಕ್ಕಿ ಮುರಿದ ಗಿಡ. ಮರದ ವ್ಯಾಪಾರಿ ಫೋನ್ ಎತ್ತುವುದಿಲ್ಲ.

ನಮ್ಮದು ಮಲೆನಾಡಿನಲ್ಲಿ ಅಡಿಕೆ, ಕಾಫಿ ಮಾಡುವ ಸಣ್ಣ ಹಿಡುವಳಿ. ಹಕ್ಕಲಿನ ಅಕೇಶಿಯಾ ಒಂದು ವರ್ಷ ಕಡಿಸಿದೆವು, ಕಾಫಿ ಒಳಗಿನ ಹಳೇ ಸಿಲ್ವರ್ ಓಕ್ ಮರಗಳನ್ನು ಇನ್ನೊಂದು ವರ್ಷ. ಮೊದಲನೇ ಸಲ ಎಲ್ಲಾ ತಪ್ಪು ಮಾಡಿದೆ. ಎರಡನೇ ಸಲ ಸ್ವಲ್ಪ ಬುದ್ಧಿ ಬಂದಿತ್ತು. ಆಮೇಲೆ ಊರಿನವರು, ನೆಂಟರು ಕೇಳಿದ ಪ್ರಶ್ನೆಗಳೇ ಇಲ್ಲಿವೆ.

ರಾಶಿ ಹಾಕಿ ಬೆಂಕಿ ಕೊಟ್ಟರೆ ಒಂದೇ ದಿನದಲ್ಲಿ ಮುಗಿಯುತ್ತದಲ್ಲ, ಯಾಕಿಷ್ಟು ತಲೆಬಿಸಿ?

ನಾನೂ ಹಾಗೇ ಅಂದುಕೊಂಡಿದ್ದೆ. ಮಾರ್ಚ್ ತಿಂಗಳು, ಬೆಳಿಗ್ಗೆ ಗಾಳಿ ಇರಲಿಲ್ಲ. ಆಳೆತ್ತರದ ರಾಶಿಗೆ ಬೆಂಕಿ ಕೊಟ್ಟೆವು. ಹನ್ನೊಂದು ಗಂಟೆಗೆ ಗಾಳಿ ಎದ್ದಿತು. ಅಕೇಶಿಯಾದ ಒಣ ಎಲೆ ಕಿಡಿಯಾಗಿ ಹಾರುವುದನ್ನು ನೋಡಿದವರಿಗೇ ಗೊತ್ತು. ರಾಶಿಯಿಂದ ಇಪ್ಪತ್ತು ಅಡಿ ದೂರದ ಮೆಣಸಿನ ಬಳ್ಳಿಗಳು ಬೆಂಕಿ ತಾಗದೆಯೇ ಬರೀ ಝಳಕ್ಕೆ ಬೆಂದು ಹೋದವು. ಮನೆಯವರೆಲ್ಲ ಹಸಿ ಸೊಪ್ಪು ಹಿಡಿದು ಬಡಿಯುತ್ತಾ ಸಂಜೆವರೆಗೆ ಕಾಯಬೇಕಾಯಿತು.

ಅಪಾಯ ಹಾಗಿರಲಿ, ಲೆಕ್ಕ ನೋಡಿ. ಮರದಲ್ಲಿ ಗೊಬ್ಬರದ ಅಂಶ ಜಾಸ್ತಿ ಇರುವುದು ಎಲೆ, ಎಳೆ ಕಡ್ಡಿ ಮತ್ತು ತೊಗಟೆಯಲ್ಲಿ. ದಿಮ್ಮಿಯ ತಿರುಳಿನಲ್ಲಿ ಅದು ತೀರಾ ಕಮ್ಮಿ. ಅಂದರೆ ವ್ಯಾಪಾರಿ ಬೇಡ ಅಂತ ಬಿಟ್ಟುಹೋದದ್ದೇ ಜಮೀನಿಗೆ ಬೇಕಾದ ಭಾಗ. ಅದನ್ನು ಸುಟ್ಟರೆ ಸಾರಜನಕ ಹೆಚ್ಚುಕಮ್ಮಿ ಪೂರ್ತಿ ಹೊಗೆಯ ಜೊತೆ ಹೋಗುತ್ತದೆ. ಪೊಟ್ಯಾಶ್, ಸುಣ್ಣದ ಅಂಶ ಬೂದಿಯಲ್ಲಿ ಉಳಿಯುತ್ತದೆ, ನಿಜ. ಆದರೆ ಇಳಿಜಾರಿನ ಮೇಲಿನ ಬೂದಿಗೆ ಮಲೆನಾಡಿನ ಮೊದಲ ನಾಲ್ಕು ಮಳೆ ಸಾಕು, ಹಳ್ಳ ಸೇರಲು. ಆಗುಂಬೆಯಲ್ಲಿ ವರ್ಷಕ್ಕೆ 7 ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ನಮ್ಮಲ್ಲಿ ಅದರ ಅರ್ಧ ಬಿದ್ದರೂ ಬೂದಿ ನಿಲ್ಲುವುದಿಲ್ಲ.

ಇನ್ನೊಂದು ತಮಾಷೆ ಕೇಳಿ. ಅಕೇಶಿಯಾ ಬೀಜದ ಸಿಪ್ಪೆ ಬಹಳ ಗಟ್ಟಿ. ಹದವಾಗಿ ಬಿಸಿ ತಾಗಿದರೆ ಅದು ಬಿರಿದು ಮೊಳಕೆ ಬರುತ್ತದೆ. ರಾಶಿ ಸುಟ್ಟ ಜಾಗದ ಸುತ್ತ ಮಳೆಗಾಲದಲ್ಲಿ ಅಕೇಶಿಯಾ ಸಸಿ ಮಡಿ ಮಾಡಿದ ಹಾಗೆ ಎದ್ದಿತು. ಆದರೆ ರಾಶಿಯ ನಟ್ಟ ನಡುವೆ ಮಣ್ಣು ಇಟ್ಟಿಗೆ ಥರ ಬೆಂದು, ಎರಡು ವರ್ಷ ಹುಲ್ಲೂ ಸರಿಯಾಗಿ ಬರಲಿಲ್ಲ.

ಪಕ್ಕದಲ್ಲಿ ಅರಣ್ಯ ಇದ್ದರೆ ಮಾತೇ ಬೇರೆ. ಫೆಬ್ರವರಿಯಿಂದ ಮೇ ತನಕ ಕಿಡಿ ಹಾರಿಸುವುದು ಅಪಾಯಕ್ಕೆ ಆಹ್ವಾನ, ಕೇಸೂ ಆಗುತ್ತದೆ. 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲೂಕಿನಲ್ಲಿ ಕಾಡಿನ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಸುಟ್ಟಗಾಯದಿಂದ ತೀರಿಕೊಂಡರು. ಯಾರದೋ ಒಂದು ಕಡ್ಡಿ ಬೆಂಕಿಗೆ ಇನ್ಯಾರೋ ಜೀವ ಕೊಡುವುದು ನಮ್ಮ ಕಡೆ ಹೊಸತಲ್ಲ.

ಮರ ಇನ್ನೂ ಮಾರಿಲ್ಲ. ಈಗಲೇ ಏನಾದರೂ ಮಾಡಬಹುದಾ?

ನೀವು ಪುಣ್ಯವಂತರು. ಅರ್ಧ ಕೆಲಸ ಮಾತುಕತೆಯಲ್ಲೇ ಮುಗಿಯುತ್ತದೆ.

ಸಾಮಾನ್ಯವಾಗಿ ವ್ಯಾಪಾರಿ ದಿಮ್ಮಿ ಮಾತ್ರ ಒಯ್ಯುತ್ತಾನೆ. ಎಷ್ಟು ದಪ್ಪದವರೆಗೆ ಒಯ್ಯುತ್ತಾನೆ ಅಂತ ಮೊದಲೇ ಕೇಳಿ. ಕಾಗದದ ಪಲ್ಪಿಗೆ ಹೋಗುವ ಮರವಾದರೆ ಸಣ್ಣ ತುಂಡೂ ಹೋಗುತ್ತದೆ, ನಾಟಾಕ್ಕೆ (ಕೊಯ್ದು ಹಲಗೆ, ತೊಲೆ ಮಾಡಲು) ಆದರೆ ಅರ್ಧ ಮರ ಅಲ್ಲೇ ಉಳಿಯುತ್ತದೆ. ಆಮೇಲೆ ಈ ಮೂರು ಮಾತು ಕಾಗದದ ಮೇಲೆ ಬರಲಿ: ಮರ ಬಿದ್ದ ತಕ್ಷಣ ಹರೆ ಸವರಿ ನೆಲಕ್ಕೆ ಕೂರುವ ಹಾಗೆ ತುಂಡು ಮಾಡಬೇಕು. ದಾರಿ, ಬಸಿಗಾಲುವೆ, ಹಳ್ಳದ ಮೇಲೆ ಏನೂ ಬಿಡಬಾರದು. ನೀವು ಹಕ್ಕಲು ಸುತ್ತಿ ನೋಡಿದ ಮೇಲೆಯೇ ಲೆಕ್ಕ ಚುಕ್ತಾ ಆಗಬೇಕು. ಮೊದಲ ಸಲ ನಾನು ಬಾಯಿಮಾತಿನಲ್ಲಿ ಒಪ್ಪಿದ್ದೆ. "ಎಲ್ಲಾ ಕ್ಲೀನ್ ಮಾಡಿ ಕೊಡ್ತೀವಿ ಸಾರ್" ಅಂದಿದ್ದರು. ಆ ಕ್ಲೀನಿಂಗಿಗೆ ನಾನೇ ಹದಿನಾರು ಆಳಿನ ಕೂಲಿ ಕೊಟ್ಟೆ. ಮರ ಕೊಯ್ಯುವ ಮಷೀನು ಕೈಯಲ್ಲಿದ್ದಾಗ ಅವರಿಗೆ ಅರ್ಧ ದಿನದ ಕೆಲಸ ಅದು. ಅವರು ಹೋದ ಮೇಲೆ ಕತ್ತಿಯಲ್ಲಿ ಮಾಡಿದರೆ ವಾರ.

ಅನುಮತಿ ವಿಷಯ: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್, ನೀಲಗಿರಿ, ಗಾಳಿಮರ, ಸುಬಾಬುಲ್, ರಬ್ಬರ್‌ನಂಥ ಕೆಲವು ಜಾತಿಗೆ ಕಡಿಯುವ ಅನುಮತಿಯಿಂದ ವಿನಾಯಿತಿ ಇದೆ. ತೇಗ, ಮತ್ತಿ, ಹೊನ್ನೆ, ಬೀಟೆ ಅಂದರೆ ಕಥೆ ಬೇರೆ. ಅವುಗಳ ಹರೆ, ಸೌದೆಯನ್ನು ಗಾಡಿಯಲ್ಲಿ ಹೊರಗೆ ಸಾಗಿಸುವ ಮೊದಲೂ ವಲಯ ಅರಣ್ಯ ಕಚೇರಿಯಲ್ಲಿ ಒಂದು ಮಾತು ಕೇಳಿ. ನಡುದಾರಿಯಲ್ಲಿ ಗಾಡಿ ನಿಲ್ಲಿಸಿಕೊಂಡು ವಿವರಣೆ ಕೊಡುವುದಕ್ಕಿಂತ ಅದು ಸುಲಭ.

ಮೊದಲು ಎಲ್ಲಿಂದ ಶುರು ಮಾಡಬೇಕು?

ದಪ್ಪ ನೋಡಿ ವಿಂಗಡಿಸಿ. ಮುಂಗೈಗಿಂತ ದಪ್ಪ ಇದ್ದದ್ದು ಸೌದೆ. ಹೆಬ್ಬೆರಳಿಗಿಂತ ಸಣ್ಣದು ಮತ್ತು ಸೊಪ್ಪು ನೆಲಕ್ಕೆ. ನಡುವಿನದ್ದು, ಅಂದರೆ ಹೆಬ್ಬೆರಳಿನಿಂದ ಮುಂಗೈ ತನಕದ್ದು, ತಲೆಬಿಸಿ ಮಾಡುವಂಥದ್ದು. ಅದು ಒಲೆಗೂ ಪೂರ್ತಿ ಆಗುವುದಿಲ್ಲ, ಬೇಗ ಕರಗುವುದೂ ಇಲ್ಲ. ಅದನ್ನು ಸಾಲು ಹಾಕಲು, ಗುಂಡಿ ತುಂಬಲು, ಇದ್ದಿಲು ಮಾಡಲು ಇಟ್ಟುಕೊಳ್ಳಿ.

ವಿಂಗಡಿಸುವುದು ಅಂದರೆ ಮೂರು ರಾಶಿ ಮಾಡುವುದಲ್ಲ. ಹೊತ್ತಷ್ಟೂ ಕೂಲಿ ಏರುತ್ತದೆ. ಸೌದೆ ಮಾತ್ರ ದಾರಿಗೆ ಬರಲಿ, ಉಳಿದದ್ದು ಬಿದ್ದ ಜಾಗದ ಹತ್ತಡಿ ಒಳಗೇ ಉಳಿಯಲಿ.

ಬಿದ್ದಿರುವ ಹರೆಯನ್ನು ಕಡಿಯುವಾಗ ಏನಾದರೂ ಎಚ್ಚರ ಬೇಕಾ? ಮರ ಹೇಗೂ ಬಿದ್ದಿದೆಯಲ್ಲ.

ಬಿದ್ದ ಮರದಿಂದಲೇ ಪೆಟ್ಟು ಜಾಸ್ತಿ ಅಂತ ಹಳೇ ಮರಗೆಲಸದವರು ಹೇಳುತ್ತಾರೆ. ದೊಡ್ಡ ತುದಿ ಬಿದ್ದಾಗ ಅದರ ಅಡಿಯ ಕೊಂಬೆಗಳು ಬಿಲ್ಲಿನ ಹಾಗೆ ಬಗ್ಗಿಕೊಂಡು ಭಾರ ಹೊತ್ತು ನಿಂತಿರುತ್ತವೆ. ಎಳೇ ಗಿಡವೂ ಅದರಡಿ ಸಿಕ್ಕಿ ಬಗ್ಗಿರುತ್ತದೆ. ಒಂದೇ ಏಟಿಗೆ ಕಡಿದರೆ ಅದು ಸಿಡಿದು ಬರುವುದು ಮುಖಕ್ಕೆ ಅಥವಾ ಮೊಣಕಾಲಿಗೆ. ಬಗ್ಗಿದ ಕೊಂಬೆಯ ಒಳಮೈಗೆ ಮೊದಲು ಸ್ವಲ್ಪ ಸ್ವಲ್ಪ ಕಚ್ಚು ಹಾಕಿ, ಅದರ ಬಿಗಿ ಇಳಿಯಲು ಬಿಡಿ. ನೀವು ಸಿಡಿಯುವ ದಿಕ್ಕಿನಲ್ಲಿ ನಿಲ್ಲಬೇಡಿ. ಇಳಿಜಾರಿನಲ್ಲಿ ಯಾವಾಗಲೂ ಮೇಲಿನ ಬದಿಯಲ್ಲಿ ನಿಂತು ಕೆಲಸ ಮಾಡಿ, ತುಂಡು ಉರುಳಿದರೆ ಕೆಳಗೆ ಹೋಗಲಿ.

ಆಮೇಲೆ ತಲೆ ಎತ್ತಿ ನೋಡಿ. ಪಕ್ಕದ ಮರದಲ್ಲಿ ಸಿಕ್ಕಿಕೊಂಡು ನೇತಾಡುವ ಮುರುಕು ಕೊಂಬೆ ಇದೆಯಾ? ಅದು ಇಳಿಯುವ ತನಕ ಅದರಡಿ ಯಾರೂ ಕೂತು ಊಟ ಮಾಡುವುದು ಬೇಡ.

ಸೊಪ್ಪು, ಕಡ್ಡಿ ಹಾಗೇ ಬಿಟ್ಟರೆ ಕರಗುತ್ತದಾ?

ನೆಲಕ್ಕೆ ತಾಗಿದ್ದರೆ ಕರಗುತ್ತದೆ. ಗಾಳಿಯಲ್ಲಿ ನೇತಾಡುತ್ತಿದ್ದರೆ ಒಣಗುತ್ತದೆ, ಅಷ್ಟೇ. ಇಡೀ ಪುಟದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಮೊದಲ ಮಳೆಗೆ ಮುಂಚೆ ಹರೆ ಮಣ್ಣಿಗೆ ತಾಗಿರಬೇಕು. ಅಣಬೆ, ಗೆದ್ದಲು, ಎರೆಹುಳ ಎಲ್ಲ ಕೆಳಗಿನಿಂದ ಬರಬೇಕು, ಅವು ಹಾರಿ ಬರುವುದಿಲ್ಲ.

ಅದಕ್ಕೆ ತುದಿಯನ್ನು ಮೊಣಕಾಲಿನೆತ್ತರಕ್ಕಿಂತ ಕೆಳಗೆ ಇಳಿಯುವ ಹಾಗೆ ಕಡಿಯಿರಿ. ಮೇಲಕ್ಕೆ ನಿಂತ ಹರೆಗಳನ್ನು ಸವರಿ ಪಕ್ಕಕ್ಕೆ ಹಾಸಿ. ಆಮೇಲೆ ಮೇಲೆ ನಡೆದಾಡಿ. ನಡೆಯುವಾಗ ಲಟಲಟ ಮುರಿಯುವುದೂ ಕೆಲಸವೇ.

ನನ್ನ ಹಕ್ಕಲಿನಲ್ಲಿ ಕಂಡ ಹಾಗೆ, ನೆಲಕ್ಕೆ ಕೂತ ಸೊಪ್ಪು ಒಂದು ಮಳೆಗಾಲದಲ್ಲಿ ಅರ್ಧಕ್ಕಿಂತ ಕಮ್ಮಿಯಾಯಿತು. ಬೆರಳು ದಪ್ಪದ ಕಡ್ಡಿ ಎರಡನೇ ಮಳೆಗಾಲಕ್ಕೆ ಕೈಯಲ್ಲಿ ಪುಡಿಯಾಗುತ್ತಿತ್ತು. ಮುಂಗೈ ದಪ್ಪದ್ದು ಮೂರ್ನಾಲ್ಕು ವರ್ಷ ಬೇಕು. ಅಕೇಶಿಯಾ ಎಲೆ ಗಟ್ಟಿ, ದನ ಮೂಸುವುದೂ ಇಲ್ಲ. ಸಿಲ್ವರ್ ಎಲೆಯೂ ಚಾಪೆ ಹಾಸಿದ ಹಾಗೆ ಕೂರುತ್ತದೆ, ಬೇಗ ಕರಗುವುದಿಲ್ಲ. ಗೊಬ್ಬರದ ಗಿಡ ಅಂದರೆ ಗ್ಲಿರಿಸಿಡಿಯಾ, ಹಾಲವಾಣ ಆದರೆ ಒಂದೆರಡು ತಿಂಗಳೇ ಸಾಕು. ಗಟ್ಟಿ ಎಲೆಯ ಮೇಲೆ ಗೊಬ್ಬರದ ಗಿಡದ ಸೊಪ್ಪನ್ನು ಒಂದು ಪದರ ಹಾಕಿದರೆ ಎರಡೂ ಒಟ್ಟಿಗೆ ಇಳಿಯುತ್ತವೆ.

ನಮ್ಮದು ಧರೆ ಇರುವ ಇಳಿಜಾರು ಜಾಗ. ಅಲ್ಲಿಗೂ ಇದೇನಾ?

ಇಳಿಜಾರಿಗೆ ಇದು ವರ. ಮರ ಕಡಿದ ವರ್ಷವೇ ಮಣ್ಣು ಜಾಸ್ತಿ ಕೊಚ್ಚಿಹೋಗುವುದು, ಮೇಲೆ ನೆರಳಿಲ್ಲ, ದಿಮ್ಮಿ ಎಳೆದ ಗೀರು ಬೇರೆ. ಆ ಗೀರೇ ಮಳೆಗಾಲದಲ್ಲಿ ಕಾಲುವೆಯಾಗುತ್ತದೆ.

ನಡು ದಪ್ಪದ ಹರೆಗಳನ್ನು ಇಳಿಜಾರಿಗೆ ಅಡ್ಡಲಾಗಿ ಸಾಲು ಹಾಕಿ. ಉಳಿದಿರುವ ಬೊಡ್ಡೆಗಳ (ಕಡಿದ ಮರದ ಬುಡ) ಮೇಲ್ಬದಿಗೆ ಒರಗಿಸಿದರೆ ಗೂಟ ಹೊಡೆಯುವ ಕೆಲಸ ಉಳಿಯುತ್ತದೆ. ಮೊದಲು ದಪ್ಪದ್ದು ನೆಲಕ್ಕೆ ಕಚ್ಚುವ ಹಾಗೆ, ಅದರ ಹಿಂದೆ ಮೇಲ್ಬದಿಗೆ ಜಿಗ್ಗು ಮತ್ತು ಸೊಪ್ಪು ತುರುಕಿ. ಎರಡಡಿ ಎತ್ತರ ಸಾಕು. ಹದಿನೈದು ಇಪ್ಪತ್ತಡಿಗೆ ಒಂದು ಸಾಲು. ಒಂದೇ ಮಳೆಗಾಲದಲ್ಲಿ ಹಿಂದೆ ಒಂದು ಗೇಣು ಮಣ್ಣು ನಿಂತದ್ದನ್ನು ನಾನು ನೋಡಿದ್ದೇನೆ. ಹೊಸ ಸಸಿ ಇಡುವುದಾದರೆ ಆ ಮಣ್ಣಿನಲ್ಲಿ ಇಡಿ.

ದಿಮ್ಮಿ ಎಳೆದ ದಾರಿಗೆ ಮಾತ್ರ ಅಡ್ಡಡ್ಡ ಹರೆ ಹಾಸಿ ಮುಚ್ಚಲೇಬೇಕು. ಉದ್ದುದ್ದ ಹಾಕಿದರೆ ನೀರಿಗೆ ದಾರಿ ತೋರಿಸಿದ ಹಾಗೆ.

ಒಂದು ಎಚ್ಚರ. ಸಾಲನ್ನು ಜಾಗದ ಈ ತುದಿಯಿಂದ ಆ ತುದಿಗೆ ತುಂಡಿಲ್ಲದೆ ಹಾಕಬೇಡಿ. ಬೇಸಿಗೆಯಲ್ಲಿ ಎಲ್ಲಿಂದಲೋ ಬೆಂಕಿ ಬಂದರೆ ಅದೇ ಬತ್ತಿಯಾಗುತ್ತದೆ. ನಡುನಡುವೆ ಹತ್ತಡಿ ಖಾಲಿ ಬಿಡಿ. ಕಾಡಿನ ಗಡಿಯಿಂದ ಮೂವತ್ತಡಿಯಾದರೂ ಒಳಗೆ ಹರೆ ಇಲ್ಲದ ಹಾಗೆ ಕೆರೆದು ಬೆಂಕಿ ರೇಖೆ ಇಟ್ಟುಕೊಳ್ಳಿ. ಅಲ್ಲಿನ ದರಕನ್ನು (ಒಣಗಿ ಬಿದ್ದ ಎಲೆ) ಜನವರಿಯಲ್ಲೇ ಗುಡಿಸಿ ಒಳಗೆ ತನ್ನಿ.

ಸೌದೆ ಮಾಡುವುದು ಲಾಭವಾ?

ಅಡಿಕೆ ಬೇಯಿಸುವ ಮನೆಗೆ ಖಂಡಿತ ಲಾಭ. ಕೆಂಪಡಿಕೆ ಮಾಡುವವರಿಗೆ ಕೊಯ್ಲಿನ ಕಾಲದಲ್ಲಿ ಹಂಡೆ ಒಲೆ ಆರುವುದೇ ಇಲ್ಲ, ಅಲ್ವಾ? ಅಕೇಶಿಯಾ ಮತ್ತು ಗಾಳಿಮರದ ಹರೆ ಒಳ್ಳೇ ಕಾವು ಕೊಡುತ್ತವೆ. ಸಿಲ್ವರ್ ಹಗುರ, ಬೇಗ ಉರಿದು ಮುಗಿಯುತ್ತದೆ. ಬಚ್ಚಲ ಒಲೆಗೆ ಸಾಕು.

ಹಸಿ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಅದನ್ನು ಒಲೆಗೆ ಹಾಕಿದರೆ ಬೆಂಕಿ ಮೊದಲು ನೀರು ಕುದಿಸುತ್ತದೆ, ಆಮೇಲೆ ನಿಮ್ಮ ಅಡಿಕೆ. ಫೆಬ್ರವರಿ ಒಳಗೆ ತುಂಡು ಮಾಡಿ, ದಪ್ಪದ್ದನ್ನು ಸೀಳಿ, ಎರಡು ಅಡ್ಡ ಮರದ ಮೇಲೆ ನೆಲ ಬಿಟ್ಟು ಪೇರಿಸಿ. ಮೇಲೆ ಮಾತ್ರ ತಗಡು ಅಥವಾ ಟಾರ್ಪಾಲು. ಬದಿಗಳಲ್ಲಿ ಗಾಳಿ ಆಡಲಿ. ಸುತ್ತಲೂ ಪ್ಲಾಸ್ಟಿಕ್ ಸುತ್ತಿ ಮುಚ್ಚಿದರೆ ಒಳಗೇ ಬೆವರಿ ಬೂಸ್ಟು ಬರುತ್ತದೆ.

ಮಾರಲು ಹೋದರೆ ಲಾಭ ಕಮ್ಮಿ. ಕಡಿಯುವ, ಹೊರುವ, ಸಾಗಿಸುವ ಕೂಲಿ ಕಳೆದರೆ ಕೈಗೆ ಬರುವುದು ಚಿಲ್ಲರೆ. "ಕಡಿದುಕೊಂಡು ಹೋದವರಿಗೆ ಕಟ್ಟಿಗೆ" ಅಂತ ಕೆಲಸದವರಿಗೆ ಬಿಟ್ಟುಕೊಟ್ಟರೆ ಜಾಗವೂ ಖಾಲಿ, ಅವರ ಒಲೆಗೂ ಆಯಿತು. ತೋಟದ ಲೈನ್ ಮನೆಗಳಿಗೆ ಮೊದಲಿನಿಂದಲೂ ಸೌದೆ ಬಂದದ್ದು ಹೀಗೇ.

ಕಾಫಿ ತೋಟದ ಒಳಗೆ ಮರ ತೆಗೆಸಿದ್ದೇವೆ. ಗಿಡದ ಮೇಲೆಲ್ಲ ಹರೆ ಬಿದ್ದಿದೆ.

ಮೊದಲು ಗಿಡ ಬಿಡಿಸಿ. ಎಳೆಯಬೇಡಿ. ಎಳೆದರೆ ಹರೆಯ ಜೊತೆ ಗಿಡದ ರೆಕ್ಕೆಯೂ (ಅಡ್ಡ ಕೊಂಬೆ) ಕಿತ್ತು ಬರುತ್ತದೆ. ಮೇಲಿನಿಂದ ತುಂಡು ತುಂಡಾಗಿ ಕಡಿದು ಎತ್ತಿ ತೆಗೆಯಿರಿ. ಸೀಳಿದ ಗಿಡವನ್ನು ಹಾಗೇ ಬಿಡದೆ ಕೆಳಗೆ ಓರೆಯಾಗಿ ಕತ್ತರಿಸಿದರೆ ಮಳೆಗೆ ಚಿಗುರು ಬರುತ್ತದೆ.

ಮುಂದಿನ ಸಲ ಮರಗಸಿ (ನೆರಳು ಮರದ ಕೊಂಬೆ ಸವರುವ ಕೆಲಸ) ಮಾಡುವವರನ್ನೇ ಕರೆದು ಮೊದಲು ಕೊಂಬೆ ಇಳಿಸಿ, ಆಮೇಲೆ ಬೋಳು ಕಾಂಡ ಕೆಡವಿ. ಖರ್ಚು ಜಾಸ್ತಿ ಅನ್ನಿಸುತ್ತದೆ. ಹತ್ತು ವರ್ಷದ ಕಾಫಿ ಗಿಡದ ಬೆಲೆ ಹಾಕಿ ನೋಡಿದರೆ ಅನ್ನಿಸುವುದಿಲ್ಲ.

ಸಾಲಿನ ನಡುವೆ ತೊಟ್ಟಿಲು ಗುಂಡಿ, ಅಂದರೆ ನೀರು ಇಂಗಲು ತೆಗೆದ ಉದ್ದನೆಯ ಗುಂಡಿ, ಇದ್ದರೆ ಹರೆ ಹಾಕಲು ಅದಕ್ಕಿಂತ ಒಳ್ಳೇ ಜಾಗ ಇಲ್ಲ. ಅಡಿಯಲ್ಲಿ ನಡು ದಪ್ಪದ್ದು, ಮೇಲೆ ಸೊಪ್ಪು, ಅದರ ಮೇಲೆ ಸಗಣಿ ನೀರು, ಕೊನೆಗೆ ಒಂದು ತೆಳು ಪದರ ಮಣ್ಣು. ಮಳೆಗಾಲದಲ್ಲಿ ಗುಂಡಿ ನೀರು ಇಂಗಿಸುತ್ತದೆ. ಬೇಸಿಗೆಯಲ್ಲಿ ಆ ಪುಡಿಗಟ್ಟಿಗೆ ಸ್ಪಂಜಿನ ಹಾಗೆ ತೇವ ಹಿಡಿದಿಡುತ್ತದೆ. ಗುಂಡಿ ಒಂದು ವರ್ಷದಲ್ಲಿ ಅರ್ಧ ಕುಸಿಯುತ್ತದೆ. ಮತ್ತೆ ತುಂಬಿ. ಗಿಡದ ಬುಡಕ್ಕೆ ಮಾತ್ರ ರಾಶಿ ಹಾಕಬೇಡಿ, ಒಂದಡಿ ಬಿಡಿ.

ಅಡಿಕೆ ತೋಟಕ್ಕೆ ಹಾಕಬಹುದಾ?

ಇದನ್ನು ಕೇಳಬೇಕಾ? ಶಿರಸಿ, ಸಿದ್ದಾಪುರದ ಕಡೆ ಸೊಪ್ಪಿನಬೆಟ್ಟ ಅಂತ ಇರುವುದೇ ಇದಕ್ಕೆ. ಉತ್ತರ ಕನ್ನಡದಲ್ಲಿ ಬ್ರಿಟಿಷರ ಕಾಲದಿಂದಲೂ ಒಂದು ಎಕರೆ ಅಡಿಕೆಗೆ ಒಂಬತ್ತು ಎಕರೆವರೆಗೆ ಬೆಟ್ಟ ಅನ್ನುವ ಲೆಕ್ಕ. ಆ ಬೆಟ್ಟದ ಹರೆ ಸವರಿ ಸೊಪ್ಪು ತಂದು, ಕೊಟ್ಟಿಗೆಯಲ್ಲಿ ದನದ ಕಾಲಡಿ ಹಾಸಿ, ಸಗಣಿ ಗಂಜಲ ಕುಡಿಸಿ, ಆಮೇಲೆ ತೋಟಕ್ಕೆ ಹಾಕುವುದು. ನೀವು ಮರ ಕಡಿದಾಗ ಒಂದೇ ದಿನದಲ್ಲಿ ಅಷ್ಟು ಸೊಪ್ಪು ಸಿಕ್ಕಿದೆ ಅಂತ ತಿಳಿಯಿರಿ.

ಮತ್ತಿ, ನಂದಿ, ಹೊನ್ನೆ ಮಾದರಿಯ ಅಗಲ ಎಲೆ ಕೊಟ್ಟಿಗೆಗೆ ಚೆನ್ನ. ಅಕೇಶಿಯಾ ಎಲೆಯನ್ನು ನಾನು ನೇರ ತೋಟದ ದಿಂಡಿಗೆ ಹಾಕಿದ್ದೇನೆ. ಕಳೆ ತಡೆಯಿತು. ಕರಗಲು ಮಾತ್ರ ತಡ. ಕಡ್ಡಿ ಜಾಸ್ತಿ ಇರುವ ಸೊಪ್ಪು ಬೇಡ, ಮಳೆಗಾಲದಲ್ಲಿ ಔಷಧಿ ಹೊಡೆಯಲು ಬರುವವರ ಕಾಲಿಗೆ ಸಿಕ್ಕಿ ಬೈಸಿಕೊಳ್ಳಬೇಕಾಗುತ್ತದೆ.

ಕಟ್ಟಿಗೆ ಚೂರು ಹಾಕಿದರೆ ಗಿಡ ಹಳದಿಯಾಗುತ್ತದೆ ಅಂತಾರೆ. ನಿಜವಾ?

ಮಣ್ಣಿನೊಳಗೆ ಬೆರೆಸಿದರೆ ನಿಜ. ಕಟ್ಟಿಗೆಯಲ್ಲಿ ಇಂಗಾಲ ಬಹಳ, ಸಾರಜನಕ ಚೂರು. ಅದನ್ನು ತಿನ್ನುವ ಸೂಕ್ಷ್ಮಜೀವಿಗಳಿಗೆ ಸಾರಜನಕ ಬೇಕು, ಅವು ಮಣ್ಣಿನಿಂದ ಎಳೆದುಕೊಳ್ಳುತ್ತವೆ. ಗಿಡಕ್ಕೆ ಉಪವಾಸ. ಮೇಲೆ ಹೊದಿಕೆಯಾಗಿ ಹಾಸಿದರೆ ಈ ತೊಂದರೆ ಅಷ್ಟಾಗಿ ಇರುವುದಿಲ್ಲ. ಗೊಬ್ಬರಗುಂಡಿಗೆ ಹಾಕುವುದಾದರೆ ಸಗಣಿ, ಹಸಿ ಸೊಪ್ಪು ಸೇರಿಸಿ. ಇಂಗಾಲ 25ರಿಂದ 30 ಪಾಲಿಗೆ ಸಾರಜನಕ ಒಂದು ಪಾಲು ಇದ್ದರೆ ಗೊಬ್ಬರ ಚೆನ್ನಾಗಿ ಬೇಯುತ್ತದೆ. ಅಳೆಯಲು ಯಾರೂ ಹೋಗುವುದಿಲ್ಲ. ಗುಂಡಿ ಬಿಸಿ ಬರಲಿಲ್ಲ ಅಂದರೆ ಸಗಣಿ ಕಮ್ಮಿಯಾಗಿದೆ ಅಥವಾ ಒಣಗಿದೆ ಅಂತ ತಿಳಿಯಿರಿ.

ಚೂರು ಮಾಡುವ ಮಷೀನು ತೆಗೆದುಕೊಳ್ಳಲಾ?

ಒಂದು ಸಲದ ಕೆಲಸಕ್ಕೆ ಬೇಡ. ಬಾಡಿಗೆಗೆ ಸಿಗುತ್ತದಾ ಅಂತ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಕೇಳಿ. ಸಣ್ಣ ಪೆಟ್ರೋಲ್ ಮಷೀನಿಗೆ ಎರಡು ಮೂರು ಇಂಚಿನ ಹರೆಯೇ ಮಿತಿ. ಅದಕ್ಕಿಂತ ದಪ್ಪ ತುರುಕಿದರೆ ನಿಲ್ಲುತ್ತದೆ. ಹಸಿ ಇದ್ದಾಗ ಸಲೀಸು, ಒಣಗಿದ ಅಕೇಶಿಯಾ ಬ್ಲೇಡ್ ತಿನ್ನುತ್ತದೆ. ಅಡಿಕೆ ಹಾಳೆ, ಸೋಗೆ, ತೆಂಗಿನ ಗರಿಗೂ ವರ್ಷವಿಡೀ ಬಳಸುತ್ತೇವೆ ಅನ್ನುವವರು, ನಾಲ್ಕು ಮನೆಯವರು ಸೇರಿ ತಗೊಂಡರೆ ಸರಿ. ತೋಳಿನ ಸಡಿಲ ಅಂಗಿ, ಕುತ್ತಿಗೆಯ ಟವೆಲ್ ಹಾಕಿಕೊಂಡು ಅದರ ಬಾಯಿಯ ಹತ್ತಿರ ಹೋಗಬೇಡಿ.

ಇದ್ದಿಲು ಮಾಡಿ ಮಣ್ಣಿಗೆ ಹಾಕುವುದು ಅಂತಾರಲ್ಲ, ಅದು?

ಬೆಂಕಿ ಹಾಕಲೇಬೇಕು ಅನ್ನುವ ಚಪಲ ಇದ್ದರೆ ಹೀಗೆ ಹಾಕಿ. ನಡು ದಪ್ಪದ, ಚೆನ್ನಾಗಿ ಒಣಗಿದ ಹರೆ ಬೇಕು. ಬಾಯಿ ಅಗಲ, ತಳ ಕಿರಿದಾದ ಗುಂಡಿ ತೆಗೆಯಿರಿ, ಮೇಲೆ ನಾಲ್ಕೈದು ಅಡಿ, ಆಳ ಎರಡೂವರೆ. ತಳದಲ್ಲಿ ಸಣ್ಣ ಜಿಗ್ಗಿನ ರಾಶಿ ಮಾಡಿ, ಮೇಲಿನಿಂದ ಬೆಂಕಿ ಕೊಡಿ. ಕೆಂಡದ ಮೇಲೆ ಬಿಳಿ ಬೂದಿ ಕಾಣಲು ಶುರುವಾದ ತಕ್ಷಣ ಇನ್ನೊಂದು ತೆಳು ಪದರ ಹರೆ ಹಾಕಿ. ಹೀಗೇ ಪದರದ ಮೇಲೆ ಪದರ. ಮೇಲಿನ ಜ್ವಾಲೆ ಗಾಳಿಯನ್ನು ತಿಂದು ಮುಗಿಸುವುದರಿಂದ ಕೆಳಗಿನ ಕೆಂಡ ಬೂದಿಯಾಗದೆ ಇದ್ದಿಲಾಗಿ ಉಳಿಯುತ್ತದೆ. ಹೊಗೆಯೂ ಕಮ್ಮಿ. ಹೊಗೆ ಬಂತು ಅಂದರೆ ಹಸಿ ಹಾಕಿದ್ದೀರಿ ಅಥವಾ ಅವಸರದಲ್ಲಿ ಜಾಸ್ತಿ ಹಾಕಿದ್ದೀರಿ.

ಗುಂಡಿ ತುಂಬಿದ ಮೇಲೆ ನೀರು ಸುರಿದು ಪೂರ್ತಿ ಆರಿಸಿ. ಎರಡು ಡ್ರಮ್ಮು ನೀರು ಮೊದಲೇ ಪಕ್ಕದಲ್ಲಿರಲಿ. ಮೇಲೆ ಆರಿದ ಹಾಗೆ ಕಂಡು ಒಳಗೆ ಕೆಂಡ ಇರುತ್ತದೆ, ಬೆಳಗಾಗುವಷ್ಟರಲ್ಲಿ ಎಲ್ಲಾ ಬೂದಿ. ಒಣ ಕಟ್ಟಿಗೆಯ ತೂಕದ ಐದನೇ ಒಂದು ಭಾಗದ ಆಸುಪಾಸು ಇದ್ದಿಲು ಸಿಕ್ಕಿದರೆ ಚೆನ್ನಾಗಿ ಮಾಡಿದ್ದೀರಿ. ಅದನ್ನು ಹಸಿಹಸಿಯಾಗಿ ಗಿಡಕ್ಕೆ ಹಾಕಬೇಡಿ. ಪುಡಿ ಮಾಡಿ, ಸಗಣಿ ಗಂಜಲದಲ್ಲಿ ಎರಡು ವಾರ ನೆನೆಸಿ, ಆಮೇಲೆ ಗೊಬ್ಬರದ ಜೊತೆ ಹಾಕಿ.

ಕರಾವಳಿಯ ಸುಡುಮಣ್ಣು ಇದರ ಅಣ್ಣನೋ ತಮ್ಮನೋ ಇರಬೇಕು. ಜಿಗ್ಗಿನ ಮೇಲೆ ಮಣ್ಣು ಮುಚ್ಚಿ ನಿಧಾನ ಬೇಯಿಸುವುದು. ಮಲ್ಲಿಗೆ ಗಿಡಕ್ಕೆ, ತರಕಾರಿಗೆ ಅದನ್ನು ಹಾಕುವವರು ಈಗಲೂ ಇದ್ದಾರೆ. ಇದನ್ನೂ ಮಳೆ ಹಿಡಿಯುವ ಮುಂಚೆ, ಗಾಳಿ ಇಲ್ಲದ ದಿನ, ಸುತ್ತ ದರಕು ಗುಡಿಸಿದ ಮೇಲೆ ಮಾತ್ರ.

ಹರೆ ರಾಶಿಯಲ್ಲಿ ಹಾವು ಸೇರುವುದಿಲ್ಲವಾ?

ಸೇರುತ್ತದೆ. ಇಲಿ ಇದ್ದ ಕಡೆ ಹಾವು. ಕೊಳಕುಮಂಡಲ ದರಕಿನ ಬಣ್ಣದಲ್ಲೇ ಮಲಗಿರುತ್ತದೆ. ಅದಕ್ಕೇ ಮನೆ, ಕೊಟ್ಟಿಗೆ, ಮಕ್ಕಳು ಓಡಾಡುವ ದಾರಿ, ಪಂಪ್‌ಶೆಡ್ಡಿನಿಂದ ದೂರ ಇಡಿ. ತಿಂಗಳುಗಟ್ಟಲೆ ಬಿದ್ದ ರಾಶಿಗೆ ಕೈ ಹಾಕುವ ಮೊದಲು ಉದ್ದ ಕೋಲಿನಿಂದ ಬಡಿದು, ಗಮ್‌ಬೂಟ್ ಹಾಕಿ ಕೆಲಸ ಮಾಡಿ. ದೊಡ್ಡ ರಾಶಿಯ ಬದಲು ತೆಳುವಾಗಿ ಹಾಸಿದರೆ ಈ ಭಯ ಬಹಳ ಕಮ್ಮಿ. ಕಾಡುಹಂದಿಗೂ ದೊಡ್ಡ ರಾಶಿಯೇ ಇಷ್ಟ.

ನನಗೆ ಹಾವಿಗಿಂತ ಜಾಸ್ತಿ ಹೆದರಿಕೆ ರಕ್ತ ಹೀರುವ ಉಣುಗಿನದ್ದು (ಉಣ್ಣೆ). ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡದ್ದು ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ, ನಮ್ಮ ಮಲೆನಾಡಿನಲ್ಲೇ. ಅದು ಹರಡುವುದು ಉಣುಗು ಕಚ್ಚಿ. ಹೆಚ್ಚು ಕೇಸ್ ಬರುವುದು ಡಿಸೆಂಬರಿನಿಂದ ಮೇ ಒಳಗೆ, ಅಂದರೆ ನಾವು ಮರ ಕಡಿಸಿ ದರಕು ತರುವ ಕಾಲದಲ್ಲೇ. ಹತ್ತಿರ ಮಂಗ ಸತ್ತ ಸುದ್ದಿ ಇದ್ದರೆ ಆ ಜಾಗದ ಸೊಪ್ಪು, ದರಕು ಕೊಟ್ಟಿಗೆಗೆ ತರಲೇಬೇಡಿ, ಆರೋಗ್ಯ ಇಲಾಖೆಗೆ ತಿಳಿಸಿ. ಅವರು ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು, ತುಂಬು ತೋಳಿನ ಬಟ್ಟೆ ಹಾಕಿ ಕೆಲಸಕ್ಕೆ ಇಳಿಯಿರಿ. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಕೆಲಸದವರಿಗೂ ಎಣ್ಣೆ ಕೊಡಿ. ಇದ್ದಕ್ಕಿದ್ದಂತೆ ಜೋರು ಜ್ವರ, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಕೂರದೆ ಆಸ್ಪತ್ರೆಯಲ್ಲಿ ಕಾಡಿಗೆ ಹೋಗಿದ್ದೆ ಅಂತ ಹೇಳಿ.

ಕೊಳೆಯುವ ಕಟ್ಟಿಗೆಯಿಂದ ತೋಟಕ್ಕೆ ರೋಗ, ಹುಳ ಬರುತ್ತದಾ?

ಸಾಮಾನ್ಯ ಹರೆಯಿಂದ ಬರುವುದಿಲ್ಲ. ಅದನ್ನು ತಿನ್ನುವ ಅಣಬೆ ಬೇರೆ, ಹಸಿ ಗಿಡ ಕೊಲ್ಲುವ ರೋಗ ಬೇರೆ. ಗೆದ್ದಲು ಕಂಡರೆ ಗಾಬರಿ ಬೇಡ, ಅದು ನಿಮ್ಮ ಸಂಬಳ ಇಲ್ಲದ ಆಳು. ಮನೆಯ ಕಂಬದ ಹತ್ತಿರ ಬಾರದಿದ್ದರೆ ಸಾಕು.

ಆದರೆ ಕೆಲವಕ್ಕೆ ಬೆಂಕಿಯೇ ಮದ್ದು. ಅರೇಬಿಕಾ ಕಾಫಿಯ ಬಿಳಿ ಕಾಂಡಕೊರಕ ಹಿಡಿದ ಗಿಡ ಕಿತ್ತರೆ ಅದನ್ನು ಸೌದೆ ರಾಶಿಗೆ ಸೇರಿಸಬೇಡಿ. ಒಳಗಿನ ಹುಳ ಅಲ್ಲೇ ಬೆಳೆದು ಏಪ್ರಿಲ್-ಮೇ ಅಥವಾ ಅಕ್ಟೋಬರ್-ಡಿಸೆಂಬರಿನಲ್ಲಿ ದುಂಬಿಯಾಗಿ ಹೊರಗೆ ಹಾರುತ್ತದೆ. ಅದಕ್ಕೆ ಮುಂಚೆಯೇ ಸುಡಬೇಕು, ಇಲ್ಲವೇ ವಾರ ಹತ್ತು ದಿನ ನೀರಿನಲ್ಲಿ ಮುಳುಗಿಸಿ ಇಡಬೇಕು. ಸೊರಗು ರೋಗದಿಂದ ಸತ್ತ ಮೆಣಸಿನ ಬಳ್ಳಿಯನ್ನೂ ಹೊದಿಕೆಗೆ ಹಾಕಬೇಡಿ, ಬೇರು ಸಮೇತ ತೆಗೆದು ಸುಡಿ. ತೆಂಗು ಇದ್ದವರು ಕೊಳೆತ ತೆಂಗಿನ ಕಾಂಡ ಮತ್ತು ಗೊಬ್ಬರದ ರಾಶಿಯನ್ನು ಆಗಾಗ ಕೆದಕಿ ನೋಡಿ. ಸುಳಿ ಕೊರೆಯುವ ಕೊಂಬಿನ ದುಂಬಿ ಅಲ್ಲಿ ಮರಿ ಮಾಡುತ್ತದೆ. ಬಿಳಿ ದಪ್ಪ ಹುಳ ಸಿಕ್ಕಿದರೆ ಕೋಳಿಗೆ ಹಬ್ಬ.

ಬೊಡ್ಡೆ ತೆಗೆಯಬೇಕಾ?

ಹಕ್ಕಲಿನಲ್ಲಿ ಬೇಡ, ಮಣ್ಣು ಹಿಡಿದಿಡಲಿ. ನೀಲಗಿರಿ, ತೇಗ, ಮತ್ತಿ ಬೊಡ್ಡೆಯಿಂದ ಮತ್ತೆ ಚಿಗುರುತ್ತವೆ, ಬೇಕಿದ್ದರೆ ಒಂದೆರಡು ಕಣೆ ಬಿಟ್ಟು ಉಳಿದದ್ದು ತೆಗೆಯಿರಿ. ಗಾಳಿಮರದ ಚಿಗುರನ್ನು ನಂಬಬೇಡಿ.

ಕಾಫಿ ಒಳಗಿನ ಬೊಡ್ಡೆ ವಿಷಯ ಬೇರೆ. ಕೊಳೆಯುವ ಬೊಡ್ಡೆಯ ಬೇರಿನಿಂದ ಬೇರು ಕೊಳೆ ರೋಗದ ಶಿಲೀಂಧ್ರ ಪಕ್ಕದ ಗಿಡಕ್ಕೆ ದಾಟಬಹುದು. ಬೊಡ್ಡೆಯ ಸುತ್ತ ಒಂದೊಂದೇ ಗಿಡ ಹಳದಿಯಾಗಿ ಒಣಗುತ್ತಿದ್ದರೆ ಬೊಡ್ಡೆ, ಸತ್ತ ಗಿಡ ಎರಡನ್ನೂ ಬೇರು ಸಮೇತ ತೆಗೆದು ಅಲ್ಲೇ ಸುಟ್ಟು, ಸುತ್ತ ಎರಡಡಿ ಆಳ, ಒಂದಡಿ ಅಗಲದ ಅಗಳ ಹೊಡೆಯಿರಿ. ಅಗಳದ ಮಣ್ಣು ಒಳಬದಿಗೆ ಬೀಳಲಿ.

ಹಳ್ಳಕ್ಕೆ ತಳ್ಳಿದರೆ ಮಳೆಗೆ ಹೋಗುತ್ತದಲ್ಲ?

ಹೋಗುತ್ತದೆ, ಕೆಳಗಿನವರ ಮೋರಿ ತನಕ. ಅಲ್ಲಿ ಕಟ್ಟಿಕೊಂಡು ಅವರ ಗದ್ದೆಗೆ ನೀರು ನುಗ್ಗುತ್ತದೆ. ಹಸಿ ಸೊಪ್ಪು ನಿಂತ ನೀರಲ್ಲಿ ಕೊಳೆತರೆ ಮೀನೂ ಸಾಯುತ್ತವೆ. ಬೇಡ.

ಬೇಲಿಗೆ ಆಗುತ್ತದಾ?

ಎರಡು ಸಾಲು ಗೂಟ ಹೊಡೆದು ನಡುವೆ ಹರೆ ತುಂಬಿದರೆ ಎರಡು ಮೂರು ವರ್ಷ ದನ ತಡೆಯುತ್ತದೆ. ಗೂಟವೇ ಗ್ಲಿರಿಸಿಡಿಯಾದ್ದಾದರೆ ಒಣ ಹರೆ ಪುಡಿಯಾಗುವಷ್ಟರಲ್ಲಿ ಹಸಿ ಬೇಲಿ ಎದ್ದಿರುತ್ತದೆ. ಕರೆಂಟ್ ಲೈನಿನ ಅಡಿಗೆ ಮಾತ್ರ ಬೇಡ.

ಎಲ್ಲಾ ಸರಿ. ಆದರೆ ನೋಡಿದವರೆಲ್ಲ "ಇದೇನು ಜಾಗ ಹೀಗೆ ಗಲೀಜು ಬಿಟ್ಟಿದ್ದೀರಿ" ಅಂತಾರೆ. ಏನು ಹೇಳುವುದು?

ನಮ್ಮ ದೊಡ್ಡಪ್ಪನೂ ಅದನ್ನೇ ಅಂದಿದ್ದರು. ಮೊದಲ ವರ್ಷ ನೋಡಲು ಚೆನ್ನಾಗಿರುವುದಿಲ್ಲ, ಅದು ನಿಜ. ದಾರಿಯ ಎರಡೂ ಬದಿಗೆ ಹದಿನೈದು ಅಡಿ ಮಾತ್ರ ನೀಟಾಗಿ ಸವರಿಸಿದೆ, ಒಳಗೆ ಹಾಗೇ ಬಿಟ್ಟೆ. ಎರಡನೇ ಮಳೆಗಾಲ ಮುಗಿದ ಮೇಲೆ ದೊಡ್ಡಪ್ಪ ಬಂದು ಹರೆ ಸಾಲಿನ ಹಿಂದಿನ ಮಣ್ಣನ್ನು ಕಾಲಿನಲ್ಲಿ ಕೆದಕಿ ನೋಡಿದರು. ಏನೂ ಹೇಳಲಿಲ್ಲ. ಹೋಗುವಾಗ ಹೂವಿನ ಕುಂಡಕ್ಕೆ ಅಂತ ಎರಡು ಚೀಲ ತುಂಬಿಸಿಕೊಂಡು ಹೋದರು.